ಕೈಗನ್ನಡಿ, ಮೊಬೈಲ್ ಟಾರ್ಚ್ ಹಿಡ್ಕೊಂಡು ನಿಮ್ಮ ಕಣ್ಣನ್ನ ನೀವೇ ತಿಳ್ಕೊಳ್ಳೋದು ಹೇಗೆ

ಕಣ್ಣು ಪರೀಕ್ಷೆ ಮಾಡೋ ಕೆಲಸಕ್ಕೆ ಬಂದು ನಂಗೆ ಹನ್ನೆರಡು ವರ್ಷ ಆಯ್ತು. ನಾನು ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟು. ಕನ್ನಡಕದ ನಂಬರ್ ನೋಡೋದು, ಕಣ್ಣಿನ ಪ್ರೆಶರ್ ಚೆಕ್ ಮಾಡಿ ಡಾಕ್ಟರ್ ರೂಮಿಗೆ ಕಳ್ಸೋದು ನನ್ನ ಕೆಲಸ. ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಮಾತು ಕೇಳ್ತೀನಿ, "ಕಣ್ಣು ನೋಯ್ತಿದೆ". ಎಲ್ಲಿ ಅಂದ್ರೆ "ಕಣ್ಣಲ್ಲೇ". ರೆಪ್ಪೆ ಹತ್ರನಾ, ಬಿಳಿ ಭಾಗದಲ್ಲಾ, ಗುಡ್ಡೆ ಒಳಗಡೆನಾ ಅಂತ ಕೇಳಿದ್ರೆ ಸುಮ್ನೆ ಮುಖ ನೋಡ್ತಾರೆ. ಅವ್ರ ತಪ್ಪೇನಿಲ್ಲ, ನಾವೆಲ್ಲ ಹೈಸ್ಕೂಲಲ್ಲಿ ಕಣ್ಣಿನ ಚಿತ್ರ ಬರ್ದು ಕಾರ್ನಿಯಾ, ಲೆನ್ಸು, ರೆಟಿನಾ ಅಂತ ಬಾಣ ಹಾಕಿ ಮಾರ್ಕ್ಸ್ ತಗೊಂಡು ಅಲ್ಲಿಗೇ ಮರ್ತಿದೀವಿ, ಆ ಕಾರ್ನಿಯಾ ನನ್ನ ಮುಖದ ಮೇಲೆ ಎಲ್ಲಿದೆ ಅಂತ ಯಾರೂ ಕನ್ನಡಿ ಹಿಡಿದು ತೋರಿಸ್ಲಿಲ್ಲ.

ಈ ಲೇಖನದಲ್ಲಿ ನಾನು ಮಾಡ್ಬೇಕು ಅಂದ್ಕೊಂಡಿರೋದು ಅದನ್ನೇ. ಚಿತ್ರ ಬೇಡ, ನಿಮ್ಮದೇ ಕಣ್ಣಿದೆ. ಹೊರಗಿನಿಂದ ಶುರು ಮಾಡಿ ಒಂದೊಂದೇ ಪದರ ಒಳಗೆ ಹೋಗೋಣ, ಪ್ರತಿ ಜಾಗದಲ್ಲೂ ನೀವೇ ಮಾಡಿ ನೋಡೋ ಹಾಗೆ ಏನಾದ್ರೂ ಒಂದು ಇರತ್ತೆ. ಬೇಕಾಗಿರೋದು ಒಂದು ಕೈಗನ್ನಡಿ, ಮೊಬೈಲ್ ಟಾರ್ಚು, ಒಂದು ಬಿಳಿ ಹಾಳೆ, ಒಂದು ಪೆನ್ನು, ಆಮೇಲೆ ಮನೇಲಿ ಯಾರಾದ್ರೂ ಒಬ್ಬರು ಜೊತೆಗೆ ಇದ್ರೆ ಒಳ್ಳೇದು. ಮೊದ್ಲು ಕೈ ಸೋಪ್ ಹಾಕಿ ತೊಳ್ಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ರೆ ತೆಗೀರಿ. ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದ್ರೆ, ಈಗ ಕಣ್ಣು ಕೆಂಪಾಗಿದ್ರೆ, ಮುಟ್ಟೋ ಹಂತಗಳನ್ನ ಬಿಟ್ಬಿಡಿ, ನೋಡೋದು ಮಾತ್ರ ಮಾಡಿ.

ಹಂತ 1: ರೆಪ್ಪೆ, ಮತ್ತೆ ಯಾರೂ ಗಮನಿಸದ ಆ ಸಣ್ಣ ತೂತು

ಕಿಟಕಿ ಪಕ್ಕ ಕೂತ್ಕೊಳ್ಳಿ, ಹಗಲು ಬೆಳಕು ಮುಖದ ಮೇಲೆ ಬೀಳ್ಲಿ. ಕನ್ನಡಿ ಹತ್ರ ಹಿಡಿದು ಕೆಳಗಿನ ರೆಪ್ಪೆನ ಬೆರಳಿಂದ ಮೆಲ್ಲಗೆ ಕೆಳಗೆ ಎಳೀರಿ. ಮೂಗಿನ ಕಡೆ ಮೂಲೆ ಇದ್ಯಲ್ಲ, ಅದಕ್ಕಿಂತ ಚೂರು ಈಚೆಗೆ, ರೆಪ್ಪೆಯ ಅಂಚಲ್ಲೇ, ಒಂದು ಪುಟ್ಟ ಉಬ್ಬು, ಅದರ ತುದಿಲಿ ಸೂಜಿ ಚುಚ್ಚಿದ ಹಾಗೆ ಒಂದು ಚುಕ್ಕೆ ಕಾಣತ್ತೆ. ಮೊದಲ ಸಲಕ್ಕೆ ಕಾಣ್ಲಿಲ್ಲ ಅಂದ್ರೆ ರೆಪ್ಪೆನ ಇನ್ನೂ ಸ್ವಲ್ಪ ಹೊರಕ್ಕೆ ತಿರುಗಿಸಿ. ಅದೇ ಕಣ್ಣೀರಿನ ಮೋರಿ ಬಾಯಿ. ಮೇಲಿನ ರೆಪ್ಪೆಯಲ್ಲೂ ಹಂಗೇ ಒಂದಿದೆ. ಕಣ್ಣೀರು ತಯಾರಾಗೋದು ಹುಬ್ಬಿನ ಕೆಳಗೆ ಹೊರಗಡೆ ಮೂಲೆಲಿರೋ ಗ್ರಂಥಿಯಲ್ಲಿ, ಅಲ್ಲಿಂದ ಕಣ್ಣಿನ ಮೇಲೆ ಹರಡಿ, ಈ ತೂತಲ್ಲಿ ಇಳಿದು, ನಾಳದ ಮೂಲಕ ಮೂಗಿನ ಒಳಗೆ ಹೋಗತ್ತೆ. ಅತ್ತಾಗ ಮೂಗು ಸೋರೋದು ಇದಕ್ಕೇ. ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಬರೋದೂ ಇದಕ್ಕೇ.

ಒಂದ್ಸಲ ಹಳ್ಳಿ ಕ್ಯಾಂಪಲ್ಲಿ ಒಬ್ಬ ಅಜ್ಜಿ, "ಯಾವಾಗ್ಲೂ ನೀರು ಸೋರತ್ತೆ ಮಗ, ಅಳೋಳು ಅಂತ ಎಲ್ಲ ಅಂದ್ಕೋತಾರೆ" ಅಂತ ಸೆರಗಲ್ಲಿ ಒರೆಸ್ಕೊಂಡು ಒರೆಸ್ಕೊಂಡು ಕೆನ್ನೆ ಚರ್ಮನೇ ಕೆಂಪು ಮಾಡ್ಕೊಂಡಿದ್ರು. ಕನ್ನಡಿ ಕೊಟ್ಟು ಆ ಚುಕ್ಕೆ ತೋರಿಸ್ದೆ. ವಯಸ್ಸಾಗಿ ಅವ್ರ ಕೆಳರೆಪ್ಪೆ ಜೋತು ಬಿದ್ದು ಹೊರಗೆ ಮಗುಚಿತ್ತು, ಆ ತೂತು ಕಣ್ಣಿಗೆ ತಾಗೋ ಬದಲು ಗಾಳಿಗೆ ಮುಖ ಮಾಡಿತ್ತು, ಇನ್ನು ನೀರು ಎಲ್ಲಿಗೆ ಹೋಗತ್ತೆ? ಬಹಳ ಹೊತ್ತು ಕನ್ನಡಿ ನೋಡ್ತಾನೇ ಇದ್ರು ಅವ್ರು. ತಮ್ಮ ದೇಹದ ಆ ಭಾಗಕ್ಕೆ ಅಂಥದ್ದೊಂದು ಕೆಲಸ ಇದೆ ಅಂತ ಅವತ್ತೇ ಗೊತ್ತಾಗಿದ್ದು.

ಇದರಿಂದ ಉಪಯೋಗ ಏನಪ್ಪಾ ಅಂದ್ರೆ, ಡ್ರಾಪ್ಸ್ ಹಾಕೋದನ್ನ ಸರಿಯಾಗಿ ಕಲೀಬಹುದು. ಕೆಳರೆಪ್ಪೆ ಎಳೆದು ಆಗೋ ಜೋಳಿಗೆ ಥರದ ಜಾಗಕ್ಕೆ ಒಂದೇ ತೊಟ್ಟು ಬಿಡಿ, ಎರಡು ಮೂರು ಬೇಡ, ಅಲ್ಲಿ ಅಷ್ಟು ಹಿಡಿಯೋದೇ ಇಲ್ಲ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆನ ಬೆರಳಿಂದ ಒಂದೆರಡು ನಿಮಿಷ ಒತ್ತಿ ಹಿಡ್ಕೊಳ್ಳಿ, ಮೋರಿ ಮುಚ್ಚಿದ ಹಾಗಾಗಿ ಔಷಧಿ ಕಣ್ಣಲ್ಲೇ ಉಳಿಯತ್ತೆ. ಗ್ಲಾಕೋಮಾಗೆ, ಅಂದ್ರೆ ಕಣ್ಣಿನ ಪ್ರೆಶರಿಂದ ನರ ಹಾಳಾಗೋ ಕಾಯಿಲೆಗೆ, ಡ್ರಾಪ್ಸ್ ಹಾಕೋರಿಗೆ ಇದು ತುಂಬಾ ಮುಖ್ಯ, ಯಾಕಂದ್ರೆ ಅದ್ರಲ್ಲಿ ಕೆಲವು ಮೂಗಿನ ಮೂಲಕ ರಕ್ತಕ್ಕೆ ಸೇರಿ ಆಸ್ತಮಾ ಇರೋರಿಗೆ, ಹಾರ್ಟ್ ತೊಂದ್ರೆ ಇರೋರಿಗೆ ಕಷ್ಟ ಕೊಡತ್ತೆ.

ಅದೇ ಮೂಲೇಲಿ ಒಂದು ಗುಲಾಬಿ ಬಣ್ಣದ ಮಾಂಸದ ಗಂಟು, ಅದರ ಪಕ್ಕ ಸಣ್ಣ ಮಡಿಕೆ ಕಾಣತ್ತೆ. ಕಾಯಿಲೆ ಏನಲ್ಲ. ಕೋಳಿ ಕಣ್ಣು ಮಿಟುಕಿಸೋವಾಗ ಪಕ್ಕದಿಂದ ಒಂದು ಪೊರೆ ಸರ್ರಂತ ಬಂದು ಹೋಗೋದನ್ನ ನೋಡಿರ್ತೀರ, ಮೂರನೇ ರೆಪ್ಪೆ ಅದು. ನಮ್ಮಲ್ಲಿ ಅದು ಬರೀ ಈ ಮಡಿಕೆಯಾಗಿ ಉಳ್ಕೊಂಡಿದೆ.

ಈಗ ರೆಪ್ಪೆ ಅಂಚನ್ನೇ ಗಮನ ಇಟ್ಟು ನೋಡಿ, ಕೂದಲ ಸಾಲಿನ ಹಿಂದೆ ಸಾಲಾಗಿ ಸಣ್ಣ ಸಣ್ಣ ಚುಕ್ಕೆ, ಇವು ಎಣ್ಣೆ ಗ್ರಂಥಿಗಳ ಬಾಯಿ. ಒಂದೊಂದು ರೆಪ್ಪೇಲಿ ಇಪ್ಪತ್ತು ಮೂವತ್ತು ಇರತ್ತೆ. ಕಣ್ಣೀರು ಬರೀ ನೀರಲ್ಲ, ಕೆಳಗೆ ಅಂಟು ಪದರ, ಮಧ್ಯೆ ನೀರು, ಮೇಲೆ ಈ ಎಣ್ಣೆ ಪದರ. ಎಣ್ಣೆ ಇರೋದ್ರಿಂದ ನೀರು ಬೇಗ ಆವಿಯಾಗಲ್ಲ. ಒಂದು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯೋ ನಾವು ಮೊಬೈಲ್ ನೋಡ್ತಾ ಕೂತ್ರೆ ಅದರ ಅರ್ಧಾನೂ ಬಡಿಯಲ್ಲ, ಎವೆಯಿಕ್ಕದೆ ನೋಡೋದು ಅಂತಾರಲ್ಲ ಹಂಗೆ, ಅದಕ್ಕೇ ಉರಿ, ಮರಳು ಬಿದ್ದ ಹಾಗೆ ಚುಚ್ಚೋದು. ಆ ಎಣ್ಣೆ ಗ್ರಂಥಿ ಕಟ್ಕೊಂಡ್ರೆ ರೆಪ್ಪೇಲಿ ಗಂಟು ಬರತ್ತೆ, ಸೋಂಕಾದ್ರೆ ಕಣ್ಣುಕುರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೇನ, ಕೈ ತಡಿಯೋಷ್ಟು ಬಿಸಿ ಇರ್ಬೇಕು ಅಷ್ಟೇ, ದಿನಕ್ಕೆ ಮೂರ್ನಾಲ್ಕು ಸಲ ಐದ್ಹತ್ತು ನಿಮಿಷ ಇಡಿ. ದಯವಿಟ್ಟು ಆ ಗಂಟನ್ನ ಹಿಂಡ್ಬೇಡಿ.

ಹಂತ 2: ಬಿಳಿ ಭಾಗ

ಬಿಳಿ ಗುಡ್ಡೆ ಅಂತ ನಾವು ಕರೆಯೋದ್ರಲ್ಲಿ ಎರಡು ಪದರ ಇದೆ. ಒಳಗಡೆ ಗಟ್ಟಿ ಗೋಡೆ, ಅದು ಸ್ಕ್ಲೀರಾ. ಅದರ ಮೇಲೆ ಗಾಜಿನಂಥ ತೆಳು ಹೊದಿಕೆ, ಕಂಜಂಕ್ಟೈವಾ. ಇದೇ ಹೊದಿಕೆ ತಿರುಗ್ಕೊಂಡು ಹೋಗಿ ರೆಪ್ಪೆಯ ಒಳಮೈನೂ ಹೊದ್ದಿರತ್ತೆ, ಅಂದ್ರೆ ಹಿಂದ್ಗಡೆ ಮುಚ್ಚಿದ ಚೀಲ. ಹಾಗಾಗಿ ಕಣ್ಣಿಗೆ ಬಿದ್ದ ಹುಳ, ಕಾಂಟ್ಯಾಕ್ಟ್ ಲೆನ್ಸು ಕಣ್ಣಿನ ಹಿಂದ್ಗಡೆ ಹೋಗಿ ಮಿದುಳಿಗೆ ಸೇರ್ಕೊಳತ್ತೆ ಅನ್ನೋ ಭಯ ಬೇಡ, ಹೋಗೋಕೆ ದಾರೀನೇ ಇಲ್ಲ.

ಮದ್ರಾಸ್ ಐ ಅಂತೀವಲ್ಲ, ಅದು ಈ ತೆಳು ಹೊದಿಕೆಯ ಸೋಂಕು. ಕೆಂಪು, ಪಿಸುರು, ಬೆಳಗ್ಗೆ ರೆಪ್ಪೆ ಅಂಟ್ಕೊಳ್ಳೋದು. ಕಣ್ಣು ನೋಡಿದ್ರೆ ಹರಡಲ್ಲ, ಕೈ, ಟವಲ್, ದಿಂಬಿನ ಕವರಿಂದ ಹರಡತ್ತೆ. ಕಾಮಾಲೆಯಾದಾಗ ಹಳದಿ ಮೊದ್ಲು ಕಾಣೋದು ಕೂಡ ಇಲ್ಲೇ, ಹಗಲು ಬೆಳಕಲ್ಲಿ ನೋಡ್ಬೇಕು, ಟ್ಯೂಬ್‌ಲೈಟಲ್ಲಿ ಮೋಸ ಹೋಗ್ತೀರ.

ಬೆಳಗ್ಗೆ ಎದ್ದು ಕನ್ನಡಿ ನೋಡಿದ್ರೆ ಬಿಳಿ ಭಾಗದಲ್ಲಿ ಕುಂಕುಮ ಚೆಲ್ಲಿದ ಹಾಗೆ ರಕ್ತ, ಆದ್ರೆ ನೋವಿಲ್ಲ, ದೃಷ್ಟಿ ಸರಿ ಇದೆ. ಹೆದರಿ ಓಡಿ ಬರ್ತಾರೆ ಜನ. ಜೋರಾಗಿ ಕೆಮ್ಮಿದಾಗ, ಭಾರ ಎತ್ತಿದಾಗ ಆ ಹೊದಿಕೆ ಕೆಳಗಿನ ಸಣ್ಣ ರಕ್ತನಾಳ ಒಡೆದಿರತ್ತೆ ಅಷ್ಟೇ, ಒಂದೆರಡು ವಾರದಲ್ಲಿ ತಾನಾಗೇ ಕರಗತ್ತೆ, ಬಿಪಿ ಒಂದ್ಸಲ ಚೆಕ್ ಮಾಡ್ಸಿ. ಇದಕ್ಕೆ ಉಲ್ಟಾ, ಕೆಂಪು ಕಮ್ಮಿ ಇದ್ರೂ ಜೊತೆಗೆ ನೋವು, ಬೆಳಕು ನೋಡಕ್ಕಾಗ್ದೇ ಇರೋದು, ಮಂಜು ಇದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ. ಬಣ್ಣ ನೋಡಿ ಅಳೀಬೇಡಿ, ನೋವು ಮತ್ತೆ ದೃಷ್ಟಿ ನೋಡಿ ಅಳೀರಿ.

ಹಂತ 3: ಕಾರ್ನಿಯಾ, ಕಣ್ಣಿನ ಮುಂಬಾಗಿಲ ಗಾಜು

ಕಣ್ಣು ಮುಚ್ಚಿ. ಮುಚ್ಚಿದ ರೆಪ್ಪೆ ಮೇಲೆ ತೋರುಬೆರಳನ್ನ ಹೂವು ಮುಟ್ಟಿದಷ್ಟು ಹಗುರ ಇಡಿ, ಒತ್ತಬೇಡಿ. ಈಗ ಮುಚ್ಚಿದ ಕಣ್ಣನ್ನ ಎಡಕ್ಕೆ ಬಲಕ್ಕೆ ತಿರುಗಿಸಿ. ಬೆರಳ ಕೆಳಗೆ ಒಂದು ಉಬ್ಬು ಸರಿದಾಡೋದು ಗೊತ್ತಾಗತ್ತಲ್ವಾ? ಅದೇ ಕಾರ್ನಿಯಾ. ಕಣ್ಣು ಪೂರ್ತಿ ದುಂಡಗಿಲ್ಲ, ಮುಂದುಗಡೆ ಇನ್ನೊಂದು ಸಣ್ಣ ಬುರುಡೆ ಅಂಟಿಸಿದ ಹಾಗೆ ಉಬ್ಬಿದೆ. ಕಪ್ಪು ಗುಡ್ಡೆ ಅಂತ ನಮಗೆ ಕಾಣೋದು ಕಾರ್ನಿಯಾ ಅಲ್ಲ, ಅದರ ಹಿಂದಿರೋ ಬಣ್ಣದ ಪರದೆ, ಐರಿಸ್ಸು. ಕಾರ್ನಿಯಾ ಗಡಿಯಾರದ ಗಾಜಿನ ಹಾಗೆ, ಅದರ ಮೂಲಕ ಮುಳ್ಳು ಕಾಣತ್ತೆ, ಗಾಜು ಕಾಣಲ್ಲ. ಯಾರನ್ನಾದ್ರೂ ಪಕ್ಕದಿಂದ, ಕೆನ್ನೆ ಕಡೆಯಿಂದ ನೋಡಿ, ಆಗ ಆ ಗಾಜಿನ ಉಬ್ಬು ಚೆನ್ನಾಗಿ ಕಾಣತ್ತೆ.

ಅಗಲ ಹನ್ನೊಂದು ಹನ್ನೆರಡು ಮಿಲಿಮೀಟರು, ನಡುಮಧ್ಯೆ ದಪ್ಪ ಬರೀ ಅರ್ಧ ಮಿಲಿಮೀಟರು. ಇದ್ರಲ್ಲಿ ಒಂದೇ ಒಂದು ರಕ್ತನಾಳ ಇಲ್ಲ, ಇದ್ದಿದ್ರೆ ನಮಗೆ ಲೋಕವೆಲ್ಲ ಕೆಂಪು ಗೆರೆ ಗೆರೆ ಕಾಣ್ತಿತ್ತು. ಹಾಗಾದ್ರೆ ಉಸಿರು ಎಲ್ಲಿಂದ? ಗಾಳಿಯಿಂದ, ಕಣ್ಣೀರಲ್ಲಿ ಕರಗಿದ ಆಕ್ಸಿಜನ್ನಿಂದ. ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡೇ ಮಲಗ್ಬೇಡಿ ಅಂತ ನಾವು ಬಡ್ಕೊಳ್ಳೋದು ಇದಕ್ಕೇ, ಅದು ಉಸಿರು ಕಟ್ಟಿಸ್ದಂಗೆ.

ಇನ್ನೊಂದು ಪ್ರಯೋಗ ನೀವು ಚಿಕ್ಕವರಿದ್ದಾಗ್ಲೇ ಮಾಡಿರ್ತೀರ. ಬಾವೀಲೋ ಹೊಳೇಲೋ ಮುಳುಗಿ ಕಣ್ಣು ಬಿಟ್ರೆ ಎಲ್ಲಾ ಮಂಜು ಮಂಜು. ಈಜೋ ಕನ್ನಡಕ ಹಾಕ್ಕೊಂಡ್ರೆ ಸ್ಪಷ್ಟ. ಯಾಕೆ? ಬೆಳಕನ್ನ ಬಗ್ಗಿಸೋ ಕೆಲಸದಲ್ಲಿ ಮುಕ್ಕಾಲು ಪಾಲಿನ ಹತ್ತಿರ ಮಾಡೋದು ಲೆನ್ಸ್ ಅಲ್ಲ, ಈ ಕಾರ್ನಿಯಾ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್ (ಕನ್ನಡಕದ ನಂಬರ್ ಹೇಳೋ ಅಳತೆನೇ ಇದು), ಅದ್ರಲ್ಲಿ 43ರಷ್ಟು ಇದರದ್ದೇ. ಆದ್ರೆ ಗಾಳಿಯಿಂದ ಕಾರ್ನಿಯಾಗೆ ಬಂದಾಗ ಮಾತ್ರ ಬೆಳಕು ಅಷ್ಟು ಬಗ್ಗೋದು. ನೀರಿಗೂ ಕಾರ್ನಿಯಾಗೂ ಅಂಥ ವ್ಯತ್ಯಾಸ ಇಲ್ದೇ ಇರೋದ್ರಿಂದ ನೀರೊಳಗೆ ಅದರ ಶಕ್ತಿ ಹೋಗ್ಬಿಡತ್ತೆ. ಈಜು ಕನ್ನಡಕ ಮಾಡೋದು ಕಣ್ಣ ಮುಂದೆ ಒಂಚೂರು ಗಾಳಿ ಹಿಡಿದಿಡೋ ಕೆಲಸ ಅಷ್ಟೇ.

ಕಣ್ಣುದಾನ ಅಂದ್ರೆ ಇಡೀ ಕಣ್ಣನ್ನ ಇನ್ನೊಬ್ಬರಿಗೆ ಕೂರಿಸೋದು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಕಸಿ ಮಾಡೋದು ಈ ಅರ್ಧ ಮಿಲಿಮೀಟರ್ ಗಾಜು ಮಾತ್ರ. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ಇಬ್ಬರಿಗೆ ಬೆಳಕಾಯ್ತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಅವ್ರ ಎರಡು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಕೇಳಿದಾಗ ಅದು ಹೇಗೆ ಸಾಧ್ಯ ಅಂತ ನನ್ನ ಎಷ್ಟೋ ಜನ ಕೇಳಿದ್ರು. ಉತ್ತರ ಅಂಗರಚನೆಯಲ್ಲೇ ಇದೆ. ಕಾರ್ನಿಯಾ ಒಂದೇ ಪದರ ಅಲ್ಲ. ಕೆಲವರಿಗೆ ಮುಂದಿನ ಪದರ ಮಾತ್ರ ಕೆಟ್ಟಿರತ್ತೆ, ಇನ್ನು ಕೆಲವರಿಗೆ ತೀರಾ ಒಳಗಿನ, ನೀರು ಹೊರಗೆ ಪಂಪ್ ಮಾಡೋ ಪದರ ಮಾತ್ರ. ಪದರ ಬಿಡಿಸಿ ಯಾರಿಗೆ ಯಾವುದು ಬೇಕೋ ಅದನ್ನ ಹಾಕಿದ್ರು. ಕನ್ನಡಕ ಇರೋರು, ಪೊರೆ ಆಪರೇಷನ್ ಆದೋರು, ಶುಗರ್ ಇರೋರೂ ಕೊಡ್ಬಹುದು. ಆರು ಗಂಟೆಯೊಳಗೆ ತೆಗೀಬೇಕು. ಮನೇಲಿ ಅಂಥ ಹೊತ್ತು ಬಂದ್ರೆ ಕಣ್ಣು ಮುಚ್ಚಿಸಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆಫ್ ಮಾಡಿ, ತಲೆ ಕೆಳಗೆ ದಿಂಬಿಟ್ಟು ಎತ್ತರ ಮಾಡಿ, ಐ ಬ್ಯಾಂಕಿಗೆ ಫೋನ್ ಮಾಡಿ. ಅಳು ಉಕ್ಕಿ ಬರೋ ಹೊತ್ತಲ್ಲಿ ಇದು ನೆನಪಿಗೆ ಬರಲ್ಲ, ಅದಕ್ಕೇ ಈಗ್ಲೇ ಬರೀತಿದೀನಿ.

ಇಲ್ಲೇ ಇನ್ನೊಂದು ಮಾತು, ಕೈ ಮುಗಿದು ಹೇಳ್ತೀನಿ. ಎಲೆಅಡಿಕೆ ಸುಣ್ಣ. ಆ ಸುಣ್ಣದ ಪ್ಯಾಕೆಟ್ಟನ್ನ ಮಕ್ಕಳು ಆಟಕ್ಕೆ ಅಂತ ಹಿಚುಕಿ ಕಣ್ಣಿಗೆ ಚಿಮ್ಮಿಸ್ಕೋತಾರೆ, ಸುಣ್ಣ ಕ್ಷಾರ, ಅದು ಕಾರ್ನಿಯಾನ ಕರಗಿಸ್ತಾ ಒಳಗೆ ಇಳೀತಾ ಹೋಗತ್ತೆ. ಆಟೋ ಹುಡುಕ್ಬೇಡಿ, ಮೊದ್ಲು ನೀರು. ನಲ್ಲಿ ಕೆಳಗೋ ಚೊಂಬಲ್ಲೋ ಕಣ್ಣು ಬಿಡಿಸಿ ಅರ್ಧ ಗಂಟೆ ಸುರೀತಾನೇ ಇರಿ, ರೆಪ್ಪೆ ಮಡಿಸಿ ಒಳಗಿರೋ ಸುಣ್ಣದ ಚೂರೂ ತೆಗೀರಿ, ಆಮೇಲೆ ಆಸ್ಪತ್ರೆ. ಭತ್ತದ ಹುಲ್ಲು, ಕಬ್ಬಿನ ಸೋಗೆ ಕಣ್ಣಿಗೆ ಬಡಿದ್ರೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬಿಡ್ಬೇಡಿ, ಮೆಡಿಕಲ್ ಶಾಪಲ್ಲಿ ಕೇಳಿ ಸ್ಟೀರಾಯ್ಡ್ ಡ್ರಾಪ್ಸೂ ಹಾಕ್ಬೇಡಿ. ಗೀಚಿದ ಜಾಗದಲ್ಲಿ ಫಂಗಸ್ ಕೂತು ಬಿಳಿ ಹುಣ್ಣಾದ್ರೆ ತಿಂಗಳುಗಟ್ಟಲೆ ಒದ್ದಾಟ.

ಹಂತ 4: ಪಾಪೆ

ಕೋಣೆ ಲೈಟ್ ಆಫ್ ಮಾಡಿ, ಮಬ್ಬು ಬೆಳಕಲ್ಲಿ ಒಂದು ನಿಮಿಷ ಇರಿ. ಎದುರಿಗೆ ಮನೆಯವ್ರನ್ನ ಕೂರಿಸಿ ದೂರದ ಗೋಡೆ ನೋಡೋಕೆ ಹೇಳಿ. ಟಾರ್ಚನ್ನ ಪಕ್ಕದಿಂದ ತಂದು ಒಂದು ಕಣ್ಣಿಗೆ ಎರಡು ಸೆಕೆಂಡ್ ಬಿಡಿ. ಪಾಪೆ ಚಕ್ಕಂತ ಕುಗ್ಗತ್ತೆ. ಈಗ ಇನ್ನೊಂದ್ಸಲ ಮಾಡಿ, ಈ ಸಲ ಬೆಳಕು ಬೀಳದ ಕಣ್ಣನ್ನ ನೋಡಿ. ಅದೂ ಕುಗ್ಗತ್ತೆ! ಒಂದು ಕಣ್ಣಿನ ಸುದ್ದಿ ಮಿದುಳಿಗೆ ಹೋದ್ರೆ ಆರ್ಡರ್ ಎರಡಕ್ಕೂ ಬರತ್ತೆ. ಅಪಘಾತ ಆದೋರ ಕಣ್ಣಿಗೆ ಡಾಕ್ಟರ್ ಟಾರ್ಚ್ ಬಿಟ್ಟು ನೋಡೋದು ಕಣ್ಣನ್ನಷ್ಟೇ ಅಲ್ಲ, ಮಿದುಳಿನ ವೈರಿಂಗನ್ನ.

ಪಾಪೆ ಅನ್ನೋದು ವಸ್ತು ಅಲ್ಲ, ತೂತು. ಬೆಳಕಲ್ಲಿ ಎರಡರಿಂದ ನಾಲ್ಕು ಮಿಲಿಮೀಟರ್, ಕತ್ತಲಲ್ಲಿ ಎಂಟರವರೆಗೂ ಹಿಗ್ಗತ್ತೆ. ಸುತ್ತ ಇರೋ ಬಣ್ಣದ ಪರದೆ ಐರಿಸ್, ಅದರೊಳಗೆ ಕುಗ್ಗಿಸೋ ಸ್ನಾಯು ಒಂದು, ಹಿಗ್ಗಿಸೋ ಸ್ನಾಯು ಒಂದು. ನಮ್ಮ ಕಡೆಯವ್ರ ಐರಿಸ್ ಕಡುಕಂದು, ಹಾಗಾಗಿ ಪಾಪೆ ಎಲ್ಲಿ ಮುಗೀತು ಐರಿಸ್ ಎಲ್ಲಿ ಶುರುವಾಯ್ತು ಅಂತ ಬೇಗ ಗೊತ್ತಾಗಲ್ಲ, ಟಾರ್ಚ್ ಪಕ್ಕದಿಂದ ಹಿಡೀರಿ ಅಂದಿದ್ದು ಅದಕ್ಕೇ. ಹೊಲದಲ್ಲಿ ಉಮ್ಮತ್ತಿ ಗಿಡ ಕಿತ್ತು ಅದೇ ಕೈಯಲ್ಲಿ ಕಣ್ಣುಜ್ಜಿದ್ರೆ ಆ ಒಂದು ಕಣ್ಣಿನ ಪಾಪೆ ದೊಡ್ಡದಾಗಿ ನಿಂತ್ಬಿಡತ್ತೆ, ಆ ಗಿಡದ ವಿಷ ಕುಗ್ಗಿಸೋ ಸ್ನಾಯುವನ್ನ ಮಲಗಿಸ್ಬಿಡತ್ತೆ. ಕೆಲವರಿಗೆ ಹುಟ್ಟಿದಾಗಿಂದ ಎರಡು ಪಾಪೆ ನಡುವೆ ಚೂರು ವ್ಯತ್ಯಾಸ ಇರತ್ತೆ, ಪರವಾಗಿಲ್ಲ. ಆದ್ರೆ ಇದ್ದಕ್ಕಿದ್ದಂತೆ ಒಂದು ದೊಡ್ಡದಾಗಿ, ತಲೆನೋವು, ರೆಪ್ಪೆ ಜೋಲೋದು, ಎರಡೆರಡು ಕಾಣೋದು ಇದ್ರೆ ತಕ್ಷಣ ದೊಡ್ಡಾಸ್ಪತ್ರೆಗೆ ಹೊರಡಿ.

ಮಕ್ಕಳ ಫ್ಲಾಶ್ ಫೋಟೋ ತೆಗೆದು ನೋಡಿ. ಪಾಪೆ ಎರಡೂ ಕೆಂಪಗೆ ಬಂದ್ರೆ ಸರಿ, ಅದು ಒಳಗಿನ ರಕ್ತನಾಳದ ಪದರದಿಂದ ವಾಪಸ್ ಬಂದ ಬೆಳಕು. ಒಂದು ಕೆಂಪು ಇನ್ನೊಂದು ಬಿಳಿ ಅಂತ ಫೋಟೋದಲ್ಲಿ ಮತ್ತೆ ಮತ್ತೆ ಬರ್ತಿದ್ರೆ ದಯವಿಟ್ಟು ತಡ ಮಾಡ್ಬೇಡಿ. ಪೊರೆ ಇರಬಹುದು, ಕಣ್ಣೊಳಗಿನ ಗೆಡ್ಡೆನೂ ಇರಬಹುದು, ಬೇಗ ಸಿಕ್ಕಿದ್ರೆ ಮಗು ಉಳಿಯತ್ತೆ.

ಹಂತ 5: ಲೆನ್ಸ್, ಚಾಳೀಸು, ಪೊರೆ

ಪೇಪರ್ ತಗೊಂಡು ಒಂದು ಕಣ್ಣು ಮುಚ್ಚಿ, ಸಣ್ಣ ಅಕ್ಷರ ನೋಡ್ತಾ ಪೇಪರನ್ನ ಮೆಲ್ಲಗೆ ಹತ್ತಿರ ತನ್ನಿ. ಅಕ್ಷರ ಯಾವಾಗ ಮಂಜಾಗತ್ತೋ ಅಲ್ಲಿ ನಿಲ್ಲಿಸಿ ಸ್ಕೇಲಿಂದ ಅಳೀರಿ. ಹತ್ತು ವರ್ಷದ ಮಗುಗೆ ಏಳೆಂಟು ಸೆಂಟಿಮೀಟರ್‌ವರೆಗೂ ಕಾಣತ್ತೆ, ನಲವತ್ತರ ಅಪ್ಪಂಗೆ ಇಪ್ಪತ್ತು ಇಪ್ಪತ್ತೈದಕ್ಕೇ ಮಂಜು. ಮನೆಯವ್ರೆಲ್ಲ ಸಾಲಾಗಿ ಕೂತು ಮಾಡಿ ನೋಡಿ, ವಯಸ್ಸಿನ ಲೆಕ್ಕ ಸ್ಕೇಲ್ ಮೇಲೆ ಕಾಣತ್ತೆ.

ಪಾಪೆ ಹಿಂದೆ ಲೆನ್ಸು ಇದೆ, ಅವರೆಕಾಳಿನ ಹಾಗೆ ಎರಡೂ ಕಡೆ ಉಬ್ಬಿರೋ, ಒಂಬತ್ತು ಹತ್ತು ಮಿಲಿಮೀಟರ್ ಅಗಲದ ಪಾರದರ್ಶಕ ಕಾಳು. ಸುತ್ತ ಎಳೆ ಎಳೆ ದಾರ ಕಟ್ಟಿ ಒಂದು ಉಂಗುರದ ಸ್ನಾಯುವಿಗೆ ತೂಗುಹಾಕಿದೆ. ಹತ್ತಿರದ್ದು ನೋಡೋವಾಗ ಸ್ನಾಯು ಬಿಗಿಯಾಗಿ ಉಂಗುರ ಚಿಕ್ಕದಾಗತ್ತೆ, ದಾರ ಸಡಿಲವಾಗತ್ತೆ, ಲೆನ್ಸ್ ತಾನೇ ಉಬ್ಕೊಳತ್ತೆ. ವಯಸ್ಸಾದಂತೆ ಲೆನ್ಸ್ ಗಟ್ಟಿಯಾಗಿ ದಾರ ಬಿಟ್ರೂ ಉಬ್ಬಲ್ಲ, ಆಗ ಬರೋದೇ ಚಾಳೀಸು. ನಲವತ್ತಕ್ಕೆ ಬರೋದ್ರಿಂದ್ಲೇ ಆ ಹೆಸರು. ಚಾಳೀಸಿನ ಕನ್ನಡಕ ಹಾಕಿದ್ರೆ ಕಣ್ಣು ಇನ್ನೂ ಹಾಳಾಗತ್ತೆ ಅಂತ ಎಷ್ಟು ಜನ ಮುಂದೂಡ್ತಾರೋ, ಹಾಕಿದ್ರೂ ಹಾಕ್ದಿದ್ರೂ ಲೆನ್ಸ್ ಗಟ್ಟಿಯಾಗೋದು ಆಗತ್ತೆ, ಹಾಕಿದ್ರೆ ತಲೆನೋವಾದ್ರೂ ತಪ್ಪತ್ತೆ.

ಇದೇ ಲೆನ್ಸ್ ಮೊಟ್ಟೆ ಲೋಳೆ ಬೆಂದ ಹಾಗೆ ಬೆಳ್ಳಗಾದ್ರೆ ಪೊರೆ. ಪೊರೆ ಅನ್ನೋ ಪದದಿಂದ ಕಣ್ಣಿನ ಮೇಲೆ ಏನೋ ಪರದೆ ಬೆಳ್ದಿದೆ, ಕೆರೆದು ತೆಗೀತಾರೆ ಅನ್ಸತ್ತೆ, ಹಾಗಲ್ಲ, ಲೆನ್ಸೇ ಮಂಜಾಗಿರೋದು, ಅದನ್ನ ತೆಗೆದು ಬೇರೆ ಇಡ್ಬೇಕು. ಡಾ. ಎಂ.ಸಿ. ಮೋದಿ ಊರೂರಲ್ಲಿ ಕ್ಯಾಂಪ್ ಹಾಕಿ ಸಾಲು ಸಾಲು ಜನಕ್ಕೆ ಪೊರೆ ತೆಗೀತಿದ್ದ ಕಾಲದಲ್ಲಿ ಲೆನ್ಸ್ ತೆಗೆದ ಮೇಲೆ ಒಳಗೆ ಇಡೋಕೆ ಏನೂ ಇರ್ತಿರ್ಲಿಲ್ಲ, ಅದಕ್ಕೇ ನಮ್ಮ ಅಜ್ಜಂದಿರ ಕನ್ನಡಕ ಸೋಡಾ ಬಾಟಲಿ ತಳದಷ್ಟು ದಪ್ಪ. ಲಂಡನ್ನಲ್ಲಿ ಹ್ಯಾರಲ್ಡ್ ರಿಡ್ಲಿ ಅನ್ನೋ ಡಾಕ್ಟರ್ ಯುದ್ಧದ ಪೈಲಟ್‌ಗಳ ಕಣ್ಣಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಹೊಕ್ಕಿದ್ರೂ ಕಣ್ಣು ಅದನ್ನ ಸಹಿಸ್ಕೊಳ್ಳೋದನ್ನ ಗಮನಿಸಿ, ಅಂಥದ್ದೇ ಪ್ಲಾಸ್ಟಿಕ್ಕಲ್ಲಿ ಲೆನ್ಸ್ ಮಾಡ್ಸಿ 1949ರಲ್ಲಿ ಮೊದಲ ಸಲ ಕಣ್ಣೊಳಗೆ ಇಟ್ರು. ಇವತ್ತು ತಾಲ್ಲೂಕು ಊರಲ್ಲೂ ಅದು ಆಗತ್ತೆ. "ಪೊರೆ ಹಣ್ಣಾಗ್ಲಿ" ಅಂತ ಕಾಯೋದು ಈಗ ಬೇಡ, ಓದು, ಅಡಿಗೆ, ಓಡಾಟಕ್ಕೆ ಅಡ್ಡಿ ಆಯ್ತು ಅಂದ್ರೆ ಮಾಡ್ಸಿ.

ಒಂದು ಉಪಯೋಗದ ಪರೀಕ್ಷೆ: ದಪ್ಪ ಕಾಗದಕ್ಕೆ ಪಿನ್ನಲ್ಲಿ ಒಂದು ತೂತು ಮಾಡಿ, ಮಂಜಾಗಿ ಕಾಣೋ ಬೋರ್ಡನ್ನ ಆ ತೂತಿಂದ ನೋಡಿ. ಸ್ಪಷ್ಟವಾದ್ರೆ ಹೆಚ್ಚಾಗಿ ಕನ್ನಡಕದ ನಂಬರ್ ವಿಷಯ. ತೂತಿಂದಲೂ ಮಂಜೇ ಇದ್ರೆ ಪೊರೆಯೋ, ಕಣ್ಣಿನ ಹಿಂಗೋಡೆಯ ಪದರ ರೆಟಿನಾವೋ, ಅಂಗಡಿಗಿಂತ ಮೊದ್ಲು ಡಾಕ್ಟರ್.

ಹಂತ 6: ಒಳಗಿನ ನೀರು

ಕಾರ್ನಿಯಾಗೂ ಲೆನ್ಸಿಗೂ ನಡುವೆ ತಿಳಿನೀರಿದೆ, ಕಣ್ಣೀರಲ್ಲ, ಬೇರೆ. ಒಳಗೇ ಹುಟ್ಟಿ, ಐರಿಸ್ ಮತ್ತೆ ಕಾರ್ನಿಯಾ ಸೇರೋ ಮೂಲೇಲಿರೋ ಜರಡಿಯಿಂದ ಹೊರಗೆ ಹೋಗತ್ತೆ. ಜರಡಿ ಕಟ್ಕೊಂಡ್ರೆ ಪ್ರೆಶರ್ ಏರತ್ತೆ. ಸಾಮಾನ್ಯವಾಗಿ 10ರಿಂದ 21 (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ಇರ್ಬೇಕು. ಏರಿದ ಪ್ರೆಶರ್ ಹಿಂದಿನ ನರವನ್ನ ಮೆಲ್ಲಗೆ ಸಾಯಿಸತ್ತೆ, ನೋವಿಲ್ಲ, ಕೆಂಪಿಲ್ಲ. ನಮ್ಮ ದೊಡ್ಡಪ್ಪ ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೊಳ್ಳೋಕೆ ಶುರು ಮಾಡಿದ್ರು, ಪಕ್ಕದಲ್ಲಿ ಬರೋ ಸೈಕಲ್ ಕಾಣ್ತಿರ್ಲಿಲ್ಲ, ವಯಸ್ಸಾಯ್ತು ಬಿಡು ಅಂದ್ಕೊಂಡ್ವಿ ಎಲ್ಲ. ಎದುರಿನ ಪೇಪರ್ ಓದ್ತಿದ್ರಲ್ಲ, ಅನುಮಾನ ಬರೋಕೇ ಕಾರಣ ಇರ್ಲಿಲ್ಲ. ತೋರಿಸೋ ಹೊತ್ತಿಗೆ ಒಂದು ಕಣ್ಣಲ್ಲಿ ಮಧ್ಯದ ಒಂದು ಕಿಂಡಿ ಮಾತ್ರ ಉಳಿದಿತ್ತು. ಹೋದ ದೃಷ್ಟಿ ವಾಪಸ್ ಬರ್ಲಿಲ್ಲ. ನಾನು ಈ ಕೆಲಸಕ್ಕೆ ಬಂದಿದ್ದೇ ಅವ್ರಿಂದ.

ಇದಕ್ಕೆ ಮನೇಲಿ ಪರೀಕ್ಷೆ ಇಲ್ಲ. ನಲವತ್ತು ದಾಟಿದ್ರೆ, ಅದ್ರಲ್ಲೂ ಮನೇಲಿ ಯಾರಿಗಾದ್ರೂ ಗ್ಲಾಕೋಮಾ ಇದ್ರೆ, ನಂಬರ್ ನೋಡ್ಸೋಕೆ ಹೋದಾಗ "ಪ್ರೆಶರ್ ಮತ್ತೆ ನರನೂ ನೋಡಿ" ಅಂತ ಬಾಯ್ಬಿಟ್ಟು ಕೇಳಿ.

ಲೆನ್ಸ್ ಹಿಂದಿರೋದು ಬೇರೆ, ಲೋಳೆಯಂಥ ಜೆಲ್ಲು, ಸುಮಾರು ನಾಲ್ಕು ಮಿಲಿಲೀಟರು, ಕಣ್ಣನ್ನ ದುಂಡಗೆ ಇಟ್ಟಿರೋದು ಅದೇ. ಬಿಳಿ ಗೋಡೆ ನೋಡಿ, ದಾರದ ತುಂಡು, ಸೊಳ್ಳೆ, ಜೇಡದ ಬಲೆ ಥರ ತೇಲ್ತಾ ಕಂಡ್ರೆ ಅದು ಈ ಜೆಲ್ಲಲ್ಲಿನ ಗಂಟುಗಳ ನೆರಳು. ಒಂದೆರಡು ಹಳೇವು ಇದ್ರೆ ಚಿಂತೆ ಇಲ್ಲ. ಒಮ್ಮೆಲೇ ಮಸಿ ಚೆಲ್ಲಿದ ಹಾಗೆ ಬಂದ್ರೆ, ಕತ್ತಲಲ್ಲಿ ಮಿಂಚು ಹೊಡೆದ ಹಾಗಾದ್ರೆ, ಪಕ್ಕದಿಂದ ಪರದೆ ಎಳೆದ ಹಾಗಾದ್ರೆ ರೆಟಿನಾ ಹರೀತಿರಬಹುದು, ನಾಳೆ ಅನ್ಬೇಡಿ.

ಹಂತ 7: ರೆಟಿನಾ

ಹಳೇ ಹೆಂಚಿನ ಮನೇಲಿ ಬೆಳೆದೋರಿಗೆ ಗೊತ್ತು, ಕತ್ತಲೆ ಕೋಣೆಗೆ ಸಣ್ಣ ಕಿಂಡಿಯಿಂದ ಬೆಳಕು ಬಿದ್ರೆ ಹೊರಗೆ ಹೋಗೋರ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಓಡಾಡತ್ತೆ. ರೆಟಿನಾ ಆ ಗೋಡೆ. ಬಿಂಬ ಅಲ್ಲೂ ತಲೆಕೆಳಗೇ, ಸರಿ ಮಾಡಿ ಅರ್ಥ ಮಾಡ್ಕೊಳ್ಳೋದು ಮಿದುಳು. ಪುಸ್ತಕದಲ್ಲಿ ಅಕ್ಷಿಪಟಲ ಅಂತಿದ್ದದ್ದು ಇದೇ. ಕಾಲು ಮಿಲಿಮೀಟರ್ ದಪ್ಪದ ಈ ಪದರದಲ್ಲಿ ಮಬ್ಬುಬೆಳಕಿಗೆ ಕೆಲಸ ಮಾಡೋ ರಾಡ್ ಕೋಶ ಸುಮಾರು ಹತ್ತು ಕೋಟಿ, ಬಣ್ಣ ಮತ್ತೆ ಸೂಕ್ಷ್ಮ ನೋಡೋ ಕೋನ್ ಕೋಶ ಐವತ್ತು ಅರವತ್ತು ಲಕ್ಷ.

ಈಗ ಹಾಳೆ ತಗೊಳ್ಳಿ. ಎಡಗಡೆ ಒಂದು ಪ್ಲಸ್ ಗುರುತು, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಕಡ್ಲೆಕಾಳಿನಷ್ಟು ಕಪ್ಪು ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಪ್ಲಸ್ಸನ್ನೇ ನೋಡ್ತಾ ಹಾಳೆನ ಕೈಯಷ್ಟು ದೂರದಿಂದ ಮೆಲ್ಲಗೆ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ಹತ್ರ ಬಂದಾಗ ಚುಕ್ಕೆ ಮಾಯ! ಇನ್ನೂ ಹತ್ತಿರ ತಂದ್ರೆ ಮತ್ತೆ ಹಾಜರ್. ಕಣ್ಣಿನ ನರ ಹೊರಡೋ ಜಾಗ ಅದು, ಅಲ್ಲಿ ಕೋಶಗಳೇ ಇಲ್ಲ. ಫ್ರಾನ್ಸಿನ ಮಾರಿಯೋಟ್ 1660ರ ದಶಕದಲ್ಲಿ ಇದನ್ನ ಕಂಡುಹಿಡಿಯೋವರೆಗೂ ತಮ್ಮ ನೋಟದಲ್ಲಿ ಇಂಥ ತೂತಿದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಮಿದುಳು ಸುತ್ತಲಿನ ಬಿಳಿಯಿಂದ ಅದನ್ನ ತುಂಬ್ಬಿಡತ್ತೆ. ದೊಡ್ಡಪ್ಪಂಗೆ ಪಕ್ಕದ ದೃಷ್ಟಿ ಹೋಗಿದ್ದು ತಿಳೀದೇ ಇದ್ದಿದ್ದೂ ಹಿಂಗೇ.

ಮುಂದೆ, ಈ ಲೇಖನದ ಯಾವುದಾದ್ರೂ ಒಂದು ಪದದ ಮೇಲೆ ಕಣ್ಣು ನೆಟ್ಟು, ಕಣ್ಣು ಅಲುಗಿಸದೇ ಅಕ್ಕಪಕ್ಕದ ಎಷ್ಟು ಪದ ಓದಕ್ಕಾಗತ್ತೆ ನೋಡಿ. ಒಂದು, ಹೆಚ್ಚಂದ್ರೆ ಎರಡು. ನಿಜವಾಗ್ಲೂ ಸ್ಪಷ್ಟ ಕಾಣೋದು ರೆಟಿನಾದ ನಡುವಿನ ಒಂದೂವರೆ ಮಿಲಿಮೀಟರ್ ಗುಳಿಯಲ್ಲಿ ಮಾತ್ರ, ಅದು ಫೋವಿಯಾ, ಅಲ್ಲಿ ಕೋನ್‌ಗಳು ಇಕ್ಕಟ್ಟಾಗಿ ಕೂತಿವೆ. ಮಿಕ್ಕಿದ್ದಕ್ಕೆಲ್ಲ ಕಣ್ಣು ಓಡಾಡ್ಕೊಂಡೇ ಇರ್ಬೇಕು. ರಾತ್ರಿ ಟೆರೇಸ್ ಹತ್ತಿ ಮಸುಕು ನಕ್ಷತ್ರವೊಂದನ್ನ ನೇರ ನೋಡಿ, ಕಾಣಲ್ಲ, ಅದರ ಪಕ್ಕಕ್ಕೆ ನೋಡಿ, ಕಾಣತ್ತೆ, ಯಾಕಂದ್ರೆ ಗುಳಿ ನಡುವೆ ರಾಡ್ ಇಲ್ಲ, ಸುತ್ತ ಇದೆ. ರಾಡ್‌ಗೆ ವಿಟಮಿನ್ ಎ ಬೇಕು, ಇಲ್ದಿದ್ರೆ ಇರುಳುಗಣ್ಣು. ನುಗ್ಗೆಸೊಪ್ಪು, ಪಪ್ಪಾಯಿ, ಕ್ಯಾರೆಟ್ ಊಟದಲ್ಲಿರ್ಲಿ, ಮಕ್ಕಳಿಗೆ ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡೋ ವಿಟಮಿನ್ ಎ ಹನಿ ತಪ್ಪಿಸ್ಬೇಡಿ.

ಶುಗರ್ ಇರೋರೇ, ಈ ಪದರದ ಸಣ್ಣ ರಕ್ತನಾಳಗಳೇ ಮೊದ್ಲು ಸೋರೋದು. ದೃಷ್ಟಿ ಚೆನ್ನಾಗಿದ್ದಾಗ್ಲೇ ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡಿ ನೋಡಿಸ್ಲೇಬೇಕು. ಎರಡೂ ಕಣ್ಣಿಂದ ನೋಡ್ತಾ ಇದ್ರೆ ಒಂದು ಕಣ್ಣು ಕೆಟ್ಟಿದ್ದು ಗೊತ್ತಾಗಲ್ಲ, ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರ್ ಚೌಕಗಳನ್ನ ನೋಡಿ, ಗೆರೆ ಸೊಟ್ಟ ಕಂಡ್ರೆ, ನಡುವೆ ಕಪ್ಪು ಕಂಡ್ರೆ ತೋರಿಸಿ.

ಹಂತ 8: ಹಗ್ಗ ಮತ್ತೆ ತಂತಿ

ತಲೆ ಅಲುಗಿಸದೇ ಎದುರಿನವ್ರ ಬೆರಳನ್ನ ಮೇಲೆ, ಕೆಳಗೆ, ಎರಡೂ ಪಕ್ಕಕ್ಕೆ, ನಾಲ್ಕೂ ಮೂಲೆಗೆ ಹಿಂಬಾಲಿಸಿ. ಒಂದೊಂದು ಕಣ್ಣಿಗೆ ಆರು ಸ್ನಾಯು ಲಗಾಮಿನ ಹಾಗೆ ಕಟ್ಟಿವೆ, ಎರಡು ಕಣ್ಣಿನ ಹನ್ನೆರಡೂ ಒಟ್ಟಿಗೆ ಎಳೀಬೇಕು. ಮಕ್ಕಳ ಮೆಳ್ಳೆಗಣ್ಣು ಅದೃಷ್ಟ ಅಂತ ಬಿಡ್ಬೇಡಿ, ಓರೆಯಾದ ಕಣ್ಣಿನ ಚಿತ್ರನ ಮಿದುಳು ನಿಧಾನವಾಗಿ ಬಳಸೋದನ್ನೇ ಬಿಟ್ಬಿಡತ್ತೆ, ಏಳೆಂಟು ವರ್ಷ ದಾಟಿದ ಮೇಲೆ ಅದನ್ನ ಎಬ್ಬಿಸೋದು ಕಷ್ಟ.

ಹಿಂದೆ ಹತ್ತು ಲಕ್ಷಕ್ಕೂ ಹೆಚ್ಚು ಎಳೆಯ ನರ ಹೊರಟು, ಅರ್ಧ ಎಳೆಗಳು ದಾರೀಲಿ ಆ ಕಡೆಗೆ ದಾಟಿ, ತಲೆಯ ಹಿಂಬುರುಡೆ ಒಳಗಿನ ಮಿದುಳಿಗೆ ಹೋಗತ್ತೆ. ಹಿಂದಲೆಗೆ ಪೆಟ್ಟು ಬಿದ್ದಾಗ ಕಣ್ಣೆದುರು ನಕ್ಷತ್ರ ಕಾಣೋದು ಅಲ್ಲಿ ಅಲುಗಾಡಿದ್ದಕ್ಕೆ.

ಇಷ್ಟು ಮಾಡಿದ ಮೇಲೆ ಒಂದು ಚೀಟಿ ಬರೀರಿ: ಯಾವ ಕಣ್ಣು, ಯಾವ ಭಾಗ, ಎಷ್ಟು ದಿನದಿಂದ, ನೋವಾ ಮಂಜಾ ಎರಡೂನಾ, ಪಿನ್ ತೂತಿಂದ ಸ್ಪಷ್ಟ ಆಯ್ತಾ ಇಲ್ವಾ, ಮನೇಲಿ ಯಾರಿಗೆ ಗ್ಲಾಕೋಮಾ ಶುಗರ್ ಇದೆ, ಈಗ ಯಾವ ಡ್ರಾಪ್ಸ್ ಹಾಕ್ತಿದೀರ. ಹಳೇ ಕನ್ನಡಕನೂ ಜೊತೆಗೆ ತಗೊಂಡು ಹೋಗಿ. ಪಾಪೆ ದೊಡ್ಡದು ಮಾಡೋ ಡ್ರಾಪ್ಸ್ ಹಾಕಿದ್ರೆ ನಾಲ್ಕೈದು ಗಂಟೆ ಬಿಸಿಲು ಕುಕ್ಕತ್ತೆ, ಹತ್ತಿರದ್ದು ಓದಕ್ಕಾಗಲ್ಲ, ಅವತ್ತು ಗಾಡಿ ನೀವು ಓಡಿಸ್ಬೇಡಿ, ಯಾರನ್ನಾದ್ರೂ ಕರ್ಕೊಂಡೇ ಬನ್ನಿ.